ಪಂದಿ, ಹಂದಿ, ಅಂದಿ

ಚಂದನಳ ಗಂಟಲು ಹುಟ್ಟಿದಾಗಿನಿಂದ ದೊಡ್ಡದು. ಆತಗೂರಿನ ಪಕ್ಕದ ಅವಳ ಊರಿನಲ್ಲಿ, ಕೆರೆ ಏರಿ ಮೇಲೆ ನಿಂತು ಅವಳು "ಅಪ್ಪೋ, ಉಣ್ಣಕ್ ಬಾ" ಎಂದು ಕೂಗಿದರೆ, ಹಿಪ್ಪುನೇರಳೆ ತೋಟದಲ್ಲಿದ್ದ ಅವಳಪ್ಪ ಮಾದಯ್ಯನ ಜೊತೆಗೆ ಅಕ್ಕಪಕ್ಕದ ತೋಟದವರೂ ತಲೆ ಎತ್ತಿ ಹೊತ್ತು ನೋಡುತ್ತಿದ್ದರು. "ನಿನ್ ಮಗಳು ಇರಾಗಂಟ ನಮ್ಗೆ ಗಡಿಯಾರ ಬ್ಯಾಡ ಕಣ್ಲಾ ಮಾದಯ್ಯ" ಎಂದು ಜೊತೆಯವರು ಛೇಡಿಸಿದರೆ ಮಾದಯ್ಯನಿಗೆ ಒಳಗೊಳಗೇ ಹಿಗ್ಗು. ಶಾಲೆಯಲ್ಲಿ ಧ್ವಜವಂದನೆಗೆ ಆದೇಶ ಕೊಡುವವಳು ಅವಳೇ, ಊರಿನಲ್ಲಿ ಸಂಘದ ಸಭೆಗೆ ಹೆಂಗಸರನ್ನು ಕರೆಯುವವಳೂ ಅವಳೇ. ಮದ್ದೂರಿನಲ್ಲಿ ಡಿಗ್ರಿ ಮುಗಿಸಿ, ಇತಿಹಾಸದಲ್ಲಿ ಎಂ.ಎ. ಮಾಡುತ್ತೇನೆ ಎಂದು ಮಂಡ್ಯಕ್ಕೆ ಹೊರಟಾಗ ಅವಳಿಗೆ ತನ್ನ ಮಾತಿನ ಬಗ್ಗೆ ಯಾವ ಅಳುಕೂ ಇರಲಿಲ್ಲ.

ಅಳುಕು ಹತ್ತಿಕೊಂಡದ್ದು ಹಾಸ್ಟೆಲ್ಲಿಗೆ ಬಂದ ಮೇಲೆ.

ರೂಮಿನಲ್ಲಿ ಮೂವರು. ಒಬ್ಬಳು ದೀಪಶ್ರೀ, ಶಿವನಸಮುದ್ರದ ಬ್ಲಫ್ ಕ್ವಾರ್ಟರ್ಸಿನವಳು, ಕನ್ನಡ ಎಂ.ಎ. ಅವಳಪ್ಪ ಕೃಷ್ಣಪ್ರಸಾದ್ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದರು. ದೀಪಶ್ರೀ ಬಾಯಿ ತೆರೆದರೆ ಆಕಾಶವಾಣಿಯ ವಾರ್ತೆ ಓದಿದ ಹಾಗೆ ಒಂದೊಂದು ಅಕ್ಷರವೂ ತೊಳೆದಿಟ್ಟಂತಿರುತ್ತಿತ್ತು. ಇನ್ನೊಬ್ಬಳು ರಂಜಿತ, ಮಳವಳ್ಳಿ ಕಡೆಯ ಹಳ್ಳಿಯವಳು, ಸಮಾಜಶಾಸ್ತ್ರ. ಮಾತು ಕಡಿಮೆ. ಬೆಳಗಾಗೆದ್ದು ಕಬಡ್ಡಿ ಪ್ರಾಕ್ಟೀಸಿಗೆ ಓಡುವವಳು.

ಕಾಲೇಜು ಶುರುವಾದ ಹೊಸದರಲ್ಲೇ ವಿಭಾಗದಲ್ಲಿ ಒಂದು ಸ್ವಾಗತ ಸಮಾರಂಭವಾಯಿತು. ದೊಡ್ಡ ಗಂಟಲಿನವಳು ಎಂದು ನಿರೂಪಣೆಯನ್ನು ಚಂದನಳಿಗೆ ಒಪ್ಪಿಸಿದರು. ಹಿಂದಿನ ದಿನ ಸಂಜೆ ಅವಳು ರೂಮಿನಲ್ಲಿ ಓದಿ ತೋರಿಸಿದಾಗ ದೀಪಶ್ರೀ ಮೆಲ್ಲಗೆ ಹೇಳಿದಳು. "ತಪ್ಪು ತಿಳ್ಕೋಬೇಡ ಚಂದನ, 'ಹ' ಎಲ್ಲಾ ಕಡೆ ಬಿಟ್ಟುಹೋಗ್ತಿದೆ. 'ಆರ್ದಿಕ' ಅಲ್ಲ, ಹಾರ್ದಿಕ."

ಚಂದನ ಹಟದವಳು. ಆ ಸಂಜೆಯೆಲ್ಲ 'ಹ ಹ ಹ' ಎಂದು ಅಭ್ಯಾಸ ಮಾಡಿದಳು. ಮಾರನೆಯ ದಿನ ವೇದಿಕೆ ಹತ್ತಿದವಳು, ಬಿಟ್ಟುಹೋಗಬಾರದೆಂಬ ಒಂದೇ ಭಯದಲ್ಲಿ, ಇಲ್ಲದ ಕಡೆಗೂ ಅದನ್ನು ತಂದು ಕೂರಿಸಿದಳು. "ಗಣ್ಯರೆಲ್ಲರೂ ತಮ್ಮ ತಮ್ಮ ಹಾಸನಗಳಲ್ಲಿ ಹಾಸೀನರಾಗಬೇಕೆಂದು ಹತ್ಯಂತ ವಿನಯದಿಂದ ಕೋರುತ್ತೇನೆ."

ಮೊದಲು ಒಂದು ಮೂಲೆಯಲ್ಲಿ ಕಿಸಕ್ಕೆಂದಿತು. ಆಮೇಲೆ ಇಡೀ ಹಾಲು. ವೇದಿಕೆಯ ಮೇಲಿದ್ದ ವೆಂಕಟೇಶಮೂರ್ತಿ ಮೇಷ್ಟ್ರು ಕೂಡ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ನಗುತ್ತಿದ್ದವರಲ್ಲಿ ಅರ್ಧ ಜನ ಮನೆಗೆ ಹೋದರೆ 'ಅಟ್ಟಿ', 'ಇಟ್ಟು' ಎನ್ನುವವರೇ. ಆದರೆ ಅಲ್ಲಿ ನಗುವುದೇ ತಾವು ಆ ಕಡೆಯವರಲ್ಲ ಎಂದು ತೋರಿಸುವ ದಾರಿಯಾಗಿತ್ತು. ಯಾರೋ ವಿಡಿಯೋ ಮಾಡಿ ಗ್ರೂಪಿಗೆ ಹಾಕಿದರು. ಅಂದಿನಿಂದ ಮದ್ದೂರು ತಾಲ್ಲೂಕಿನ ಚಂದನಳಿಗೆ ಕ್ಯಾಂಪಸ್ಸಿನಲ್ಲಿ 'ಹಾಸನ' ಎಂದು ಹೆಸರಾಯಿತು.

ಅವಳು ಬಾಯಿ ಮುಚ್ಚಿಕೊಂಡಳು. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದಳು. ಫೋನಿನಲ್ಲಿ ಅವ್ವ ಯಶೋದಮ್ಮ, "ಯಾಕ್ ಮಗ, ದನಿ ಎತ್ತಿ ಮಾತಾಡು, ಗಂಟ್ಲು ಕಟ್ಟದಾ?" ಎಂದು ಕೇಳಿದರೆ, "ಊಂ ಕಣವ್ವ, ಸೀತ" ಎಂದು ಸುಳ್ಳು ಹೇಳುತ್ತಿದ್ದಳು.

ಒಂದು ಸಂಜೆ ಹಾಸ್ಟೆಲ್ಲಿನ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ರಂಜಿತ ತಾನಾಗಿಯೇ ಮಾತು ತೆಗೆದಳು.

"ಎಷ್ಟು ದಿನ ಇಂಗೆ ಮೂಗಿ ಥರ ಇದ್ದೀಯಮ್ಮಿ?"

"ಬಾಯ್ ಬುಟ್ರೆ ನಗ್ತಾರೆ."

"ನಿನ್ ಮಾತಿಗೆ ನಗ್ತಾರೆ. ಅದು ನಿಂತೋಯ್ತದೆ. ನನ್ನ ಏನ್ ಕೇಳ್ತಾರೆ ಗೊತ್ತಾ? ಊರು ಯಾವ್ದು ಅಂತಾರೆ, ಯೋಳ್ತೀನಿ. ಊರಲ್ಲಿ ನಿಮ್ಮನೆ ಯಾವ ಕಡೆ ಅಂತಾರೆ. ದಿಕ್ಕು ತಿಳ್ಕೊಳ್ಳಾಕಾ ಅವ್ರು ಕೇಳಾದು?" ರಂಜಿತ ಒದ್ದೆ ಜರ್ಸಿಯನ್ನು ಜೋರಾಗಿ ಕೊಡವಿದಳು. "ನಮ್ಮವ್ವ ಚಿಕ್ಕಬೋರಮ್ಮ ಮೊದಲ್ನೇ ದಿನ ನನ್ನ ಆಸ್ಟೆಲ್ಲಿಗೆ ಬುಡಾಕೆ ಬಂದಾಗ ಒಂದೇ ಮಾತು ಯೋಳಿದ್ದು. ಕೇಳ್ದೋರಿಗೆ ನೆಟ್ಟಗೆ ಯೋಳ್ಬುಡು, ಬಚ್ಚಿಟ್ಕಂಡ್ರೆ ದಿನಾ ಬಚ್ಚಿಡ್ಬೇಕಾಯ್ತದೆ ಅಂತ."

ಆ ಮಾತು ಚಂದನಳೊಳಗೆ ನೆಟ್ಟು ನಿಂತಿತು.

ಎರಡನೆಯ ವರ್ಷ ಪ್ರತಿಯೊಬ್ಬರೂ ಒಂದೊಂದು ಸೆಮಿನಾರು ಕೊಡಬೇಕಾಗಿತ್ತು. ವೆಂಕಟೇಶಮೂರ್ತಿ ಮೇಷ್ಟ್ರು ವಿಷಯ ಕೇಳಿದಾಗ ಚಂದನ ಆತಗೂರಿನ ಕಲ್ಲು ಎಂದಳು. ಸಾವಿರ ವರ್ಷದ ಹಿಂದೆ ಕಾಡುಹಂದಿಯೊಡನೆ ಸೆಣಸಿ ಸತ್ತ ಒಂದು ಬೇಟೆನಾಯಿಗೆ ನೆಟ್ಟ ಕಲ್ಲು ಅದು. ಈಗ ಬೆಂಗಳೂರಿನ ಮ್ಯೂಸಿಯಂ ಸೇರಿದೆ. ಆದರೂ ಅದು ನಿಂತಿದ್ದ ನೆಲ ನೋಡದೆ ಬರೆಯುವುದು ಹೇಗೆ ಎಂದು ಒಂದು ಭಾನುವಾರ ರೂಮಿನ ಮೂವರೂ ಬಸ್ಸು ಹತ್ತಿದರು. ಹಳಗನ್ನಡ ಬಿಡಿಸಲು ದೀಪಶ್ರೀ, ಸುಮ್ಮನೆ ಜೊತೆಗೆ ರಂಜಿತ. ಕಲ್ಲು ಮೊದಲಿದ್ದ ದೇವಸ್ಥಾನದ ಸುತ್ತ ಓಡಾಡಿ, ಫೋಟೋ ತೆಗೆದು, ಮಧ್ಯಾಹ್ನದ ಊಟಕ್ಕೆ ಚಂದನಳ ಮನೆಗೆ ಬಂದರು.

ಜಗಲಿಯ ಮೇಲೆ ಅಜ್ಜಿ ಪುಟ್ಟಮಾದಮ್ಮ ಎಲೆಅಡಿಕೆ ಕುಟ್ಟುತ್ತಾ ಕೂತಿದ್ದಳು. ದೀಪಶ್ರೀಯನ್ನು ವಿಚಾರಿಸಿಕೊಂಡಳು, ಆಮೇಲೆ ರಂಜಿತಳ ಕಡೆ ತಿರುಗಿದಳು.

"ನೀನ್ ಯಾರ ಪೈಕಿ ಮಗ?"

"ಮಳವಳ್ಳಿ ತಾವ ಅಜ್ಜಿ. ನಾವು ಊರಾಚೆ ಕೇರಿಯೋರು."

ಕುಟ್ಟುವ ಸದ್ದು ನಿಂತಿತು. ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದ ಯಶೋದಮ್ಮ ಮಗಳ ಮುಖ ನೋಡಿದಳು. ಇದು ಹಾಲಿನಲ್ಲಿ ನಕ್ಕ ನಗುವಿಗಿಂತ ದೊಡ್ಡದು ಎಂದು ಚಂದನಳಿಗೆ ಗೊತ್ತಾಯಿತು. ಎಷ್ಟೋ ತಿಂಗಳು ಮಡಿಚಿಟ್ಟಿದ್ದ ತನ್ನ ಹಳೆಯ ದನಿಯಲ್ಲಿ ಅವಳು ಹೇಳಿದಳು.

"ನನ್ ರೂಮಿನೋಳು ಕಣಜ್ಜಿ. ಅಲ್ಲಿ ಒಂದೇ ತಟ್ಟೇಲಿ ಉಣ್ತೀವಿ. ಇಲ್ಲೂ ಒಳಗೇ ಉಣ್ತೀವಿ. ಅವ್ವ, ಮೂರು ತಟ್ಟೆ ಆಕು."

ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ಯಶೋದಮ್ಮ ಒಂದು ಗಳಿಗೆ ನಿಂತಿದ್ದು ಒಳಗೆ ಹೋಗಿ ನಡುಮನೆಯಲ್ಲಿ ಮೂರು ತಟ್ಟೆ ಹಾಕಿದಳು. ಮುದ್ದೆ, ಉಪ್ಪುಸಾರು. ತೋಟದಿಂದ ಬಂದ ಮಾದಯ್ಯ ಕೈಕಾಲು ತೊಳೆದು ಏನೂ ಕೇಳದೆ ಅವರ ಸಾಲಿನಲ್ಲೇ ಕೂತು, "ಬ್ಲಫಲ್ಲಿ ಈಗ ನೀರೆಂಗವ್ವ?" ಎಂದು ದೀಪಶ್ರೀಯನ್ನು ಮಾತಾಡಿಸಿದ. ಅಜ್ಜಿ ಮಾತ್ರ ತನ್ನ ತಟ್ಟೆಯನ್ನು ಜಗಲಿಗೆ ತರಿಸಿಕೊಂಡಳು.

ವಾಪಸು ಬಸ್ಸಿನಲ್ಲಿ ರಂಜಿತ ಕಿಟಕಿಯಾಚೆ ನೋಡುತ್ತಾ ಹೇಳಿದಳು. "ನಿಮ್ಮಜ್ಜಿ ಆಚೆ ಉಂಡ್ರು."

"ನೋಡ್ದೆ."

"ನೀನು ಒಳಗೆ ಕೂರುಸ್ದೆ. ಅದ್ನೂ ನಾನ್ ನೋಡ್ದೆ. ಎಲ್ಡೂ ಮರೆಯಾಕಿಲ್ಲ ಕಣಮ್ಮಿ."

ದೀಪಶ್ರೀ ಇಬ್ಬರ ನಡುವೆ ಕೂತಿದ್ದಳು. ಒಮ್ಮೆ ಇವಳ ಮುಖ, ಒಮ್ಮೆ ಅವಳ ಮುಖ ನೋಡಿದಳು.

ಆ ಭಾನುವಾರದ ನಂತರ ಚಂದನಳ ದನಿ ತಾನಾಗಿ ಮರಳಿತು. ಅದು ಕ್ಯಾಂಪಸ್ಸಿಗೆಲ್ಲ ಕೇಳಿಸಿದ್ದು ಅಂತರ ಕಾಲೇಜು ಕಬಡ್ಡಿಯ ದಿನ. ವೀಕ್ಷಕ ವಿವರಣೆಗೆ ಬರಬೇಕಾದವರು ಬರಲಿಲ್ಲ. ಮೈಕು ಅನಾಥವಾಗಿ ಟೇಬಲ್ಲಿನ ಮೇಲೆ ಬಿದ್ದಿತ್ತು. ಅಂಕಣದಲ್ಲಿ ಮೈಗೆ ಮಣ್ಣು ಉಜ್ಜಿಕೊಳ್ಳುತ್ತಿದ್ದ ರಂಜಿತ ಅಲ್ಲಿಂದಲೇ ಕೂಗಿದಳು. "ಚಂದನಾ, ನೋಡ್ತಾ ನಿಂತ್ಯಲ್ಲೇ, ಇಡ್ಕಳೇ ಅದ."

ಹಿಡಿದುಕೊಂಡಳು. ಹಿಡಿದ ಮೇಲೆ ಬಿಡಲಿಲ್ಲ.

"ರಂಜಿತ ಒಳಿಕ್ ಓದ್ಲು, ನೋಡ್ಕಳಿ. ಕಾಲ್ ಮುಂದಿಕ್ಕವ್ಳೆ, ಕಣ್ಣು ಬೋನಸ್ ಲೈನ್ ಮ್ಯಾಗವೆ. ಎಡಗಡೆ ಮೂಲೇಲಿರೋ ತಂಗಿ, ವಸಿ ಇಂದಕ್ಕೆ ಸರ್ಕವ್ವ, ಮುಟ್ಬುಡ್ತಾಳೆ... ಯೋಳ್ದೆ ಕೇಳ್ದಾ, ಮುಟ್ಟುದ್ಲು."

ಜನ ಆಟ ನೋಡುವುದನ್ನೂ ಬಿಟ್ಟು ಒಮ್ಮೆ ಮೈಕಿನ ಕಡೆ ತಿರುಗಿದರು. ಎದುರು ತಂಡದವರು ಕೂಡ ನಗುತ್ತಾ ಆಡಿದರು. ಆಟ ಮುಗಿಯುವ ಹೊತ್ತಿಗೆ ರಸ್ತೆಯಲ್ಲಿ ಹೋಗುತ್ತಿದ್ದವರೆಲ್ಲ ಬೈಕು ನಿಲ್ಲಿಸಿ ಕಾಂಪೌಂಡಿಗೆ ಒರಗಿದ್ದರು. ಈ ಸಲವೂ ವಿಡಿಯೋ ಹರಿದಾಡಿತು. ಈ ಸಲ ಅದನ್ನು ಅವಳೇ ಅವ್ವನಿಗೆ ಕಳಿಸಿದಳು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮೆಚ್ಚುಗೆಯೂ ಒಮ್ಮೊಮ್ಮೆ ಕಾಲಿಗೆ ತೊಡರುತ್ತದೆ.

ಸಾಂಸ್ಕೃತಿಕ ಸಮಿತಿಯ ವಂಶಿ, ಮಂಡ್ಯ ಪೇಟೆಯ ಹುಡುಗ, ಒಳ್ಳೆಯವನೇ, ಅವಳನ್ನು ಹುಡುಕಿಕೊಂಡು ಬಂದ. "ಚಂದನ, ಎಲ್ಲ ಪ್ರೋಗ್ರಾಮಿಗೂ ಇನ್ಮೇಲೆ ನೀನೇ. ಬೀಳ್ಕೊಡುಗೆ ದಿನ ಹಳ್ಳಿ ಗೌಡ್ತಿ ಥರ ಸೀರೆ ಎತ್ತಿ ಕಟ್ಕೊಂಡು, ಸೊಂಟಕ್ಕೆ ಎಲೆಅಡಿಕೆ ಚೀಲ ಸಿಕ್ಕಿಸ್ಕೊಂಡು ಬಾ. ನೀನು ಬಾಯಿ ಬಿಟ್ರೆ ಸಾಕು, ಜನ ಬಿದ್ದು ಬಿದ್ದು ನಗ್ತಾರೆ."

"ನಾನು ಯಾವತ್ ಅಂಗೆ ಸೀರೆ ಕಟ್ಟಿದ್ದೆ ವಂಶಿ?"

"ಅಯ್ಯೋ, ಕಾಮಿಡಿಗೆ ಅಷ್ಟೆ."

ಅವಳು ನೋಡೋಣ ಎಂದು ಕಳಿಸಿದಳು. ಆದರೆ ವಾರವೊಂದರಲ್ಲೇ ಅವಳಿಗೆ ಒಂದು ವಿಷಯ ಅರಿವಿಗೆ ಬಂತು. ಲೈಬ್ರರಿಯಲ್ಲಿ ಅವಳು ಪುಸ್ತಕ ಕೇಳಿದರೂ ಪಕ್ಕದವರ ತುಟಿ ಅರಳುತ್ತಿತ್ತು. ಜ್ವರ ಬಂದಿದೆ ಎಂದರೂ ನಗು. ಮೊದಲು ಹೀಯಾಳಿಸಿ ನಗುತ್ತಿದ್ದರು, ಈಗ ಪ್ರೀತಿಯಿಂದ ನಗುತ್ತಿದ್ದರು, ಆದರೆ ಅವಳು ಹೇಳಿದ್ದು ಏನು ಎಂಬುದು ಎರಡು ಸಲವೂ ಯಾರ ಕಿವಿಗೂ ಬಿದ್ದಿರಲಿಲ್ಲ. ಅವಳು ವಂಶಿಗೆ ಫೋನು ಮಾಡಿದಳು. "ಕಬಡ್ಡಿ ಇದ್ರೆ ಯೋಳು, ಓಡ್ ಬತ್ತೀನಿ. ಗೌಡ್ತಿ ಏಸ ನನ್ ಕೈಲಾಗಾಕಿಲ್ಲ." ವಂಶಿಗೆ ಬೇಜಾರಾಯಿತು. ಆಗಲಿ ಬಿಡು ಎಂದುಕೊಂಡಳು.

ಸೆಮಿನಾರಿನ ದಿನ ಹಾಲು ತುಂಬಿತ್ತು. ಬೇರೆ ವಿಭಾಗದವರೂ ಬಂದಿದ್ದರು, ಒಳ್ಳೆ ಮಜಾ ಇರುತ್ತದೆ ಎಂದು. ಚಂದನ ಕಲ್ಲಿನ ಚಿತ್ರವನ್ನು ಪರದೆಯ ಮೇಲೆ ತೋರಿಸಿ ಶುರು ಮಾಡಿದಳು.

"ಈ ಕಲ್ಲಲ್ಲಿ ಒಂದು ನಾಯಿ ಐತೆ, ಒಂದು ಅಂದಿ ಐತೆ."

ಹಾಲು ನಕ್ಕಿತು. ಚಂದನ ನಗು ಮುಗಿಯುವವರೆಗೆ ಕಾದಳು.

"ನಕ್ಕಿದ್ದು ಒಳ್ಳೇದೇ ಆಯ್ತು. ವಸಿ ಇಲ್ಲೇ ನಿಲ್ಲನ." ಬೋರ್ಡಿನ ಮೇಲೆ ದೊಡ್ಡದಾಗಿ 'ಪಂದಿ' ಎಂದು ಬರೆದಳು. "ಸಾವಿರ ವರ್ಸದ ಇಂದೆ ಈ ಕಲ್ಲು ಕೆತ್ತಿದೋನು ಇಂಗೆ ಬರ್ದವ್ನೆ. ಆಗ ಪಾಲು, ಪೂವು, ಪಳ್ಳಿ. ಆಮ್ಯಾಕೆ ಪ ಬಿದ್ದೋಯ್ತು." ಕೆಳಗೆ 'ಹಂದಿ' ಎಂದು ಬರೆದಳು. "ಪ ಬಿದ್ದು ಹ ಬಂದಾಗ ಆ ಕಾಲದ ಪಂಡಿತ್ರು ನಕ್ಕಿರ್ತಾರೆ, ಭಾಸೆ ಕೆಟ್ಟೋಯ್ತು ಅಂತ. ಈಗ ನೀವೆಲ್ಲ ಆಡ್ತಾ ಇರಾದು ಆ ಕೆಟ್ಟೋದ ಭಾಸೇನೇ." ಅದರ ಕೆಳಗೆ 'ಅಂದಿ' ಎಂದು ಬರೆದು ಸೀಮೆಸುಣ್ಣ ಕೆಳಗಿಟ್ಟಳು. "ನಮ್ ಕಡೆ ಹ-ನೂ ಬಿದ್ದೋಗದೆ. ಕನ್ನಡ ನಡೀತಾ ಐತೆ. ನಮ್ಮೂರ್ನೋರು ನಿಮ್ಗಿಂತ ಒಂದೆಜ್ಜೆ ಮುಂದೆ ಓಗವ್ರೆ, ಅಷ್ಟೆ. ಸರಿ, ಈಗ ನಾಯಿ ಇಚಾರಕ್ಕೆ ಬರನ."

ಆಮೇಲೆ ಯಾರೂ ನಗಲಿಲ್ಲ. ಅದೇ ಕಲ್ಲಿನಲ್ಲಿ ಬರೆದಿರುವ ದೊಡ್ಡ ಯುದ್ಧವೊಂದರಲ್ಲಿ ಹೋರಾಡಿ ದೊರೆಯ ಮೆಚ್ಚುಗೆ ಪಡೆದವನು ಆ ನಾಯಿಯನ್ನೇ ಬೇಡಿ ಪಡೆದದ್ದು, ಅದು ದೊಡ್ಡ ಹಂದಿಯ ಮೇಲೆ ಬಿದ್ದು ಎರಡೂ ಒಟ್ಟಿಗೆ ಸತ್ತದ್ದು, ನಾಯಿಗೆ ಕಲ್ಲು ನೆಟ್ಟು ಪೂಜೆಗೆಂದು ಭೂಮಿ ಬಿಟ್ಟದ್ದು, ಎಲ್ಲವನ್ನೂ ಅವಳು ಕಬಡ್ಡಿ ಹೇಳಿದಷ್ಟೇ ಕಣ್ಣಿಗೆ ಕಟ್ಟುವ ಹಾಗೆ ಹೇಳಿದಳು. ಕೊನೆಗೆ ವೆಂಕಟೇಶಮೂರ್ತಿ ಮೇಷ್ಟ್ರು ಎದ್ದು ನಿಂತರು.

"ಒಂದು ಪ್ರಶ್ನೆ ಅಮ್ಮ. ನಾಯಿಯ ಕಥೆ, ದೊಡ್ಡ ಯುದ್ಧದ ಕಥೆ, ಎರಡೂ ಒಂದೇ ಕಲ್ಲಿನ ಮೇಲೆ ಯಾಕಿವೆ?"

ಚಂದನ ಯೋಚಿಸಿದಳು. "ಕಲ್ಲು ನೆಟ್ಟೋನಿಗೆ ಎರಡೂ ಒಂದೇ ತೂಕ ಇರ್ಬೌದು ಸಾ. ಅದು ನನ್ ಊಹೆ. ಪಕ್ಕಾ ಗೊತ್ತಿಲ್ಲ, ಇನ್ನೂ ಓದ್ಬೇಕು."

"ಓದು. ಇದನ್ನು ಇಷ್ಟಕ್ಕೇ ಬಿಡಬೇಡ" ಎಂದು ಮೇಷ್ಟ್ರು ಕೂತರು. ಅವರು ಹೊಗಳಲಿಲ್ಲ. ಹೊಗಳದೆ ಕೆಲಸ ಕೊಟ್ಟರು ಎಂಬುದೇ ಚಂದನಳಿಗೆ ಹೆಚ್ಚಿನದಾಗಿ ಕಂಡಿತು.

ಪರೀಕ್ಷೆಗಳು ಮುಗಿದು ರೂಮು ಖಾಲಿ ಮಾಡುವ ದಿನ ಮೂವರೂ ಗಂಟುಮೂಟೆಯ ಮೇಲೆಯೇ ಕೂತು ಟೀ ಕುಡಿದರು. ಆಗ ದೀಪಶ್ರೀ ಒಂದು ಮಾತು ಹೇಳಿದಳು.

"ನೀವಿಬ್ಬರೂ ಊರಿನ ವಿಷಯಕ್ಕೆ ನೊಂದಿದ್ದೀರಿ, ಜಗಳ ಆಡಿದ್ದೀರಿ. ನನಗೆ ಹೊಟ್ಟೆಕಿಚ್ಚಾಗ್ತಿತ್ತು. ನಾನು ಕ್ವಾರ್ಟರ್ಸಿನಲ್ಲಿ ಬೆಳೆದೋಳು. ಅಪ್ಪ ರಿಟೈರಾದರೆ ಬ್ಲಫ್ ನಮ್ಮದಲ್ಲ. ಅಜ್ಜನ ಊರಿಗೆ ಹೋದರೆ ಅಲ್ಲಿ ಯಾರೂ ಗುರುತಿಲ್ಲ. ನನ್ನ ಕನ್ನಡ ಚೆನ್ನಾಗಿದೆ ಅಂತಾರಲ್ಲ, ಅದರಲ್ಲಿ ಯಾವ ಊರಿನ ವಾಸನೆಯೂ ಇಲ್ಲ."

"ಬೇಕಾರೆ ನಮ್ದು ವಸಿ ತಗೋ" ಎಂದಳು ರಂಜಿತ.

ಮೂವರೂ ನಕ್ಕರು. ಆದರೆ ರಂಜಿತ ಅದನ್ನು ತಮಾಷೆಗೆ ಹೇಳಿರಲಿಲ್ಲ. ಆ ಬೇಸಿಗೆಯಲ್ಲಿ ದೀಪಶ್ರೀ ಅವಳ ಹಳ್ಳಿಗೆ ಹೋಗಿ ಚಿಕ್ಕಬೋರಮ್ಮನ ಮನೆಯಲ್ಲಿ ನಾಲ್ಕು ದಿನ ಇದ್ದು ಬಂದಳು.

ಈಗ ದೀಪಶ್ರೀ ಮಂಡ್ಯದ ಒಂದು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಾಳೆ. ರಂಜಿತ ಬಿ.ಪಿ.ಎಡ್. ಮಾಡಿಕೊಂಡು ಮದ್ದೂರಿನಲ್ಲಿ ದೈಹಿಕ ಶಿಕ್ಷಕಿ, ಅವಳ ಹುಡುಗಿಯರ ತಂಡವೆಂದರೆ ತಾಲ್ಲೂಕಿನಲ್ಲಿ ಎದುರಾಳಿಗಳು ಒಮ್ಮೆ ಯೋಚಿಸುತ್ತಾರೆ. ಚಂದನ ಮಳವಳ್ಳಿಯ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಪಾಠ ಮಾಡುವಾಗ ಪುಸ್ತಕದ ಕನ್ನಡ, ಮಾತಿಗೆ ನಿಂತರೆ ಮನೆಯ ಕನ್ನಡ. ಎರಡರಲ್ಲೂ ಅವಳಿಗೆ ಈಗ ಎಡವುವ ಭಯವಿಲ್ಲ. ಜೊತೆಗೆ ಪಿಎಚ್.ಡಿ. ಆ ಸೀಮೆಯ ವೀರಗಲ್ಲುಗಳೇ ಅವಳ ವಿಷಯ. ರಜೆ ಸಿಕ್ಕಿದರೆ ರಂಜಿತಳ ಸ್ಕೂಟರಿನ ಹಿಂದೆ ಕೂತು ಊರೂರು ಸುತ್ತುತ್ತಾಳೆ.

ಹೋದ ದಸರಾ ರಜೆಯಲ್ಲಿ ದೀಪಶ್ರೀಯೂ ಬಸ್ಸಿನಲ್ಲಿ ಬಂದು ಸೇರಿಕೊಂಡಿದ್ದಳು. ಮಳವಳ್ಳಿಯಾಚೆಯ ಒಂದು ಹಳ್ಳಿಯಲ್ಲಿ, ಮಲ್ಲಿಗಮ್ಮ ಎಂಬ ಮುದುಕಿ ಹಿತ್ತಿಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಅಂಚಿನಲ್ಲಿ ಕೆತ್ತನೆಯ ಗೆರೆ ಕಂಡು ಚಂದನ ನಿಂತುಬಿಟ್ಟಳು. ಹಿಂದೆ ಯಾರೋ ಪ್ಯಾಂಟಿನವರು ಬಂದು ಕೇಳಿದ್ದಕ್ಕೆ ಮುದುಕಿ ಪೊರಕೆ ತೋರಿಸಿದ್ದಳಂತೆ.

"ಅವ್ವ, ವಸಿ ಈ ಕಲ್ಲು ಮಗುಚಿ ನೋಡನಾ?"

"ಯಾಕ್? ಇದ್ರಡೀಲಿ ಏನ್ ಚಿನ್ನ ಮಡಗಿವ್ನಾ?"

"ಯಾರೋ ಕತ್ತಿ ಇಡ್ಕಂಡೋನು ಬೋರಲು ಬಿದ್ದವ್ನೆ ಕಣವ್ವ. ಎಷ್ಟು ವರ್ಸ ಅಂತ ಅಂಗೇ ಬಿದ್ದಿರ್ತಾನೆ, ಎತ್ತಿ ಕೂರ್ಸನ."

ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಯಾವೂರವ್ವ ನಿಂದು?"

"ಆತಗೂರ್ ತಾವ."

"ಮಾತು ಕೇಳುದ್ರೆ ನಮ್ಮೋಳೇ ಅನ್ನುಸ್ತು. ಮಗುಚ್ಕಳಿ, ಕಾಲ್ ಮ್ಯಾಲೆ ಕೆಡವ್ಕೋಬ್ಯಾಡಿ."

ರಂಜಿತ ಮುದುಕಿಯ ಹಾರೆ ತಂದು ಅಡಿಗೆ ಕೊಟ್ಟಳು, ಮೂವರೂ ಸೇರಿ ನೂಕಿದರು. ಕಲ್ಲು ಮಗುಚಿತು. ಮಣ್ಣು ಮೆತ್ತಿದ ಅಡಿಯಲ್ಲಿ, ಎಡಗೈಯಲ್ಲಿ ಗುರಾಣಿ ಹಿಡಿದು ಕತ್ತಿ ಎತ್ತಿದ ಒಬ್ಬ ಆಳು, ಮೇಲಿನ ಸಾಲಿನಲ್ಲಿ ಅವನನ್ನು ತೋಳು ಹಿಡಿದು ಸ್ವರ್ಗಕ್ಕೆ ಕರೆದೊಯ್ಯುವ ಇಬ್ಬರು ಹೆಂಗಸರು. ಅವನ ಕಾಲ ಬಳಿ ಸವೆಯದೆ ಉಳಿದ ಒಂದೂವರೆ ಸಾಲು ಅಕ್ಷರ. ದೀಪಶ್ರೀ ಮಂಡಿಯೂರಿ ಬೆರಳಿಂದ ಮಣ್ಣು ಬಿಡಿಸತೊಡಗಿದಳು. ಚಂದನ ಕಂಡಷ್ಟು ಅಕ್ಷರವನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಹೋದಳು.

ಮಲ್ಲಿಗಮ್ಮನೂ ಬಗ್ಗಿ ನೋಡಿದಳು. ಸೆರಗಿನಿಂದ ಕೈ ಒರೆಸಿಕೊಂಡು ಕಲ್ಲಿಗೆ ಒಮ್ಮೆ ಕೈ ಮುಗಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ಇವ್ನ ಮ್ಯಾಲೆ ಇನ್ನು ಒಗೆಯಂಗಿಲ್ಲ. ನೆನೆಯಾಕಿರೋ ಬಟ್ಟೆ ನಾನು ಎಲ್ ಒಗೀಲಿ?"

"ಬ್ಯಾರೆ ಕಲ್ಲು ತಂದಾಕ್ತೀವಿ ಕಣವ್ವ."

"ಯಾವಾಗ?"

ಚಂದನ ಚೂಡಿದಾರಿನ ತೋಳು ಮಡಿಸಿದಳು. ಬೇಲಿಯಾಚೆ ಹಾಳುಬಿದ್ದ ಮನೆಯ ಮೆಟ್ಟಿಲಿಗೆ ಹಾಕಿದ್ದ ಚಪ್ಪಡಿಯೊಂದು ಬಿದ್ದಿತ್ತು. ಅದರಲ್ಲಿ ಯಾವ ಕೆತ್ತನೆಯೂ ಇಲ್ಲವೆಂದು ಎರಡು ಸಲ ತಿರುಗಿಸಿ ನೋಡಿ, ಮೂವರೂ ಅದನ್ನು ಉರುಳಿಸಿಕೊಂಡು ಹಿತ್ತಿಲಿಗೆ ತರುವ ಹೊತ್ತಿಗೆ ಮೈಯೆಲ್ಲ ಬೆವರಾಗಿತ್ತು. ಮಲ್ಲಿಗಮ್ಮ ಅದರ ಮೇಲೆ ಒಂದು ಸೀರೆ ಹಾಕಿ ಒಗೆದು ನೋಡಿದಳು.

"ವಸಿ ಅಲ್ಲಾಡ್ತದೆ, ಅಡಿಗೊಂದು ಸಕ್ಕೆ ಕೊಡಿ" ಎಂದಳು.

ರಂಜಿತ ಸಕ್ಕೆಗೆ ಒಂದು ಕಲ್ಲಿನ ಚೂರು ಹುಡುಕಲು ಹೋದಳು.